ಹದಿನಾಲ್ಕು ವರ್ಷದ ಹುಡುಗಿ ಯಾವ ಕಾದಂಬರೀಲಿದ್ದಾಳೆ?

"ಚಿಕ್ಕಮ್ಮ, ನನ್ ವಯಸ್ಸಿನ ಹುಡುಗಿ ಇರೋ ಕಾದಂಬರಿ ಕೊಡು. ಮದ್ವೆ ಆಗಿರ್ಬಾರ್ದು, ಕೊನೇಲಿ ಸಾಯ್ಲೂಬಾರ್ದು."

2025ರ ದಸರಾ ರಜದಲ್ಲಿ ನಮ್ಮಕ್ಕನ ಮಗಳು ಕೇಳಿದ್ದು ಇಷ್ಟೇ. ಮನೇಲಿ ಎಲ್ರೂ ಅವಳನ್ನ ಪುಟ್ಟಿ ಅಂತೀವಿ, ಇಲ್ಲೂ ಹಾಗೇ ಬರೀತೀನಿ. ಮಂಡ್ಯ ಕಡೆ ಒಂದು ಹೈಸ್ಕೂಲಲ್ಲಿ ಒಂಬತ್ತನೇ ಕ್ಲಾಸು, ವಯಸ್ಸು ಹದಿನಾಲ್ಕು. ಪ್ರತಿ ದಸರಾಗೂ ಸರಸ್ವತಿಪುರಂನಲ್ಲಿರೋ ನಮ್ಮನೆಗೆ ಬಂದು ಹತ್ತು ಹದಿನೈದು ದಿನ ಇದ್ದು, ಲೈಟಿಂಗ್ ನೋಡ್ಕೊಂಡು, ಎಕ್ಸಿಬಿಷನ್ ಸುತ್ಕೊಂಡು ವಾಪಸ್ ಹೋಗ್ತಾಳೆ. ಆ ಸಲ ಸರ್ಕಾರದ ಜಾತಿ ಸಮೀಕ್ಷೆಗೆ ಅಂತ ಮೇಷ್ಟ್ರು ಮಿಸ್ಸುಗಳೆಲ್ಲ ಮನೆಮನೆ ತಿರುಗ್ತಿದ್ರಿಂದ ರಜ ಅಕ್ಟೋಬರ್ 18ರವರೆಗೂ ಎಳೀತು, ಹಾಗಾಗಿ ನಮಗೆ ಓದೋಕೆ ಟೈಮೂ ಜಾಸ್ತಿ ಸಿಕ್ತು.

ಶುರು ಆಗಿದ್ದು ಬಾನು ಮುಷ್ತಾಕ್ ಅವರಿಂದ. ಸೆಪ್ಟೆಂಬರ್ 22ಕ್ಕೆ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ ಮಾಡಿದ್ದು ಅವರೇ ಅಲ್ವಾ, ಟೀವೀಲಿ ನೋಡ್ತಾ ಕೂತಿದ್ದ ಪುಟ್ಟಿ "ಇವ್ರು ಬರೆದಿರೋದು ನಿನ್ ಹತ್ರ ಇದ್ಯಾ?" ಅಂದ್ಲು. ಅದೇ ವರ್ಷ ಅವರ ಕತೆಗಳಿಗೆ, ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ್ದಕ್ಕೆ, ಇಂಟರ್‌ನ್ಯಾಷನಲ್ ಬುಕರ್ ಬಂದಿತ್ತು, ಕನ್ನಡದ ಪುಸ್ತಕಕ್ಕೆ ಅದು ಬಂದಿದ್ದು ಅದೇ ಮೊದಲು. ನಾನು ಖುಷಿಯಿಂದ 'ಎದೆಯ ಹಣತೆ' ಕತೆ ತೆಗೆದು ಕೊಟ್ಟೆ. ವರಾಂಡದ ಮೂಲೇಲಿ ಕೂತು ಓದಿದ್ಲು. ಗಂಡ ಕೈಬಿಟ್ಟು, ತವರಿನವರು ವಾಪಸ್ ಕಳಿಸಿ, ಮೆಹರುನ್ ಮೈಮೇಲೆ ಸೀಮೆಎಣ್ಣೆ ಸುರ್ಕೊಂಡಾಗ ಅವಳ ದೊಡ್ಡ ಮಗಳು ಸಲ್ಮಾ ಎದ್ದು ಓಡಿಬಂದು ಅಮ್ಮನನ್ನ ಹಿಡ್ಕೋತಾಳಲ್ಲ, ಅಲ್ಲಿವರೆಗೂ ಒಂದೇ ಉಸಿರಲ್ಲಿ ಓದಿ ಪುಸ್ತಕ ಮುಚ್ಚಿ ಸುಮಾರು ಹೊತ್ತು ಸುಮ್ನೆ ಕೂತಿದ್ಲು. ನಾನು ಏನೂ ಕೇಳ್ಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವಳೇ ಕೇಳಿದ್ಲು, "ಅದು ಅವರಮ್ಮನ ಕತೆ. ಸಲ್ಮಾ ಕತೆ ಯಾವ್ ಪುಸ್ತಕದಲ್ಲಿದೆ?"

ಆಮೇಲೆ ಬಂದಿದ್ದೇ ಮೇಲೆ ಬರೆದ ಆ ಡಿಮ್ಯಾಂಡು.

ನನಗೆ ಮೊದಲು ಅನ್ಸಿದ್ದು, ಇದೇನ್ ಮಹಾ, ಮನೆ ತುಂಬ ಪುಸ್ತಕ ಇದೆ, ಹತ್ತು ನಿಮಿಷದಲ್ಲಿ ತೆಗೆದುಕೊಡ್ತೀನಿ ಅಂತ. ಮೂರು ಸಂಜೆ ಹುಡುಕಿದ್ವಿ. ಪುಟ್ಟಿ ಹಳೇ ಮದುವೆ ಲಗ್ನಪತ್ರಿಕೆಗಳನ್ನ ಕತ್ತರಿಸಿ ಸಣ್ಣ ಸಣ್ಣ ಚೀಟಿ ಮಾಡ್ಕೊಂಡ್ಲು, ಒಂದೊಂದು ಕಾದಂಬರೀಲೂ ನಾಯಕಿ ಮೊದಲು ಕಾಣಿಸ್ಕೊಳ್ಳೋವಾಗ ಎಷ್ಟು ವಯಸ್ಸು ಅಂತ ನಾನು ಹುಡುಕಿ ಹೇಳೋದು, ಅವಳು ಬರೆದು ಆ ಪುಟದಲ್ಲಿ ಸಿಕ್ಕಿಸೋದು. ವಯಸ್ಸು ಹೇಳದೇ ಇದ್ರೆ 'ಮದ್ವೆ ಆಗಿದೆ' ಅಥವಾ 'ಗಂಡು ನೋಡ್ತಿದ್ದಾರೆ' ಅಂತ ಬರೀತಿದ್ಲು. ಮೂರನೇ ದಿನ ನೆಲದ ಮೇಲೆ ಪುಸ್ತಕದ ಸಾಲು, ಎಲ್ಲಾದ್ರಿಂದಲೂ ಚೀಟಿ ಇಣುಕ್ತಾ ಇದೆ, ಅದನ್ನ ನೋಡಿ ನಾನು ಸುಮ್ನಾಗ್ಬಿಟ್ಟೆ. ಒಂಬತ್ತು ವರ್ಷದ ಮಕ್ಕಳಿದ್ರು. ಹದಿನೆಂಟರ ಮೇಲಿನವರಂತೂ ತುಂಬ ಇದ್ರು. ನಡುವೆ ಹದಿಮೂರು, ಹದಿನಾಲ್ಕು, ಹದಿನೈದರ ಹುಡುಗಿ ಬಂದ್ರೆ ಒಂದೋ ಯಾರದೋ ಹೆಂಡತಿಯಾಗಿ ಬರ್ತಾಳೆ, ಇಲ್ಲಾ ವಿಧವೆಯಾಗಿ ಬರ್ತಾಳೆ, ಇಲ್ಲಾಂದ್ರೆ ಕಾಫಿ ಲೋಟ ತಂದಿಟ್ಟು ಒಳಗೆ ಹೋಗೋ ಯಾರದೋ ತಂಗಿ. ಬರೀ ಹುಡುಗಿಯಾಗಿ, ಅವಳ ಪಾಡಿಗೆ ಅವಳು, ಅವಳ ಆಟ ಅವಳ ಜಗಳ ಅವಳ ಆಸೆ ಇಟ್ಕೊಂಡು ಇರೋಳು ಸಿಗ್ಲಿಲ್ಲ. ನನ್ನ ಬೀರುವಿನ ಲೆಕ್ಕ ಇದು, ಕನ್ನಡದ ಎಲ್ಲಾ ಕಾದಂಬರೀದಲ್ಲ. ಆದ್ರೂ ಇಪ್ಪತ್ತೈದು ವರ್ಷದಿಂದ ಕಾದಂಬರಿ ಕೊಂಡು ಓದ್ತಿರೋ ನಾನು ಇದನ್ನ ಯಾಕೆ ಗಮನಿಸ್ಲೇ ಇಲ್ಲ ಅನ್ನೋದು ನನಗೆ ನಿಜಕ್ಕೂ ನೋವಾಯ್ತು.

ಹಳೇ ಕಾಲದ ಕಾದಂಬರೀಲಿ ಯಾಕೆ ಹಾಗೆ ಅಂತ ಅರ್ಥ ಆಗುತ್ತೆ ಬಿಡಿ. 1899ರಲ್ಲಿ ಮಂಗಳೂರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ನೇ ನಮ್ಮ ಮೊದಲ ಸಾಮಾಜಿಕ ಕಾದಂಬರಿ ಅಂತಾರೆ, ಅಂದ್ರೆ ಹೊಸಗನ್ನಡದ ಸಾಮಾಜಿಕ ಕಾದಂಬರಿ ಶುರು ಆಗಿದ್ದೇ ಒಬ್ಬ ಹುಡುಗಿಯಿಂದ. ಇಂದಿರಾ ಚಿಕ್ಕ ವಯಸ್ಸಲ್ಲೇ ಗಂಡನ್ನ ಕಳ್ಕೊಂಡೋಳು, ಮನೆ ಬಿಟ್ಟು ಅಮೃತರಾಯರ ಆಶ್ರಯಕ್ಕೆ ಬಂದು ಓದಿ ಇನ್ನೊಂದು ಮದುವೆ ಆಗ್ತಾಳೆ. ಆ ಕಾಲಕ್ಕೆ ಅದೆಷ್ಟು ದೊಡ್ಡ ಧೈರ್ಯ! ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಬಂದಿದ್ದು 1976ರಲ್ಲಿ, ಆದ್ರೆ ಕತೆ ಅದಕ್ಕಿಂತ ತುಂಬ ಹಿಂದಿನದು. ಬಾಲ್ಯ ಅಂದ್ರೇನು ಅಂತ ಗೊತ್ತಾಗೋಕೆ ಮೊದಲೇ ಮದುವೆ, ಮದುವೆ ಅಂದ್ರೇನು ಅಂತ ಗೊತ್ತಾಗೋಕೆ ಮೊದಲೇ ವೈಧವ್ಯ. 1929ರಲ್ಲಿ ಶಾರದಾ ಕಾಯ್ದೆ ಬಂದಾಗ ಹೆಣ್ಣಿನ ಮದುವೆಗೆ ಕನಿಷ್ಠ ವಯಸ್ಸು ಅಂತ ಇಟ್ಟಿದ್ದೇ ಹದಿನಾಲ್ಕು. ಇದನ್ನ ಹೇಳಿದಾಗ ಪುಟ್ಟಿ ತನ್ನ ಎದೆ ಮೇಲೆ ಬೆರಳಿಟ್ಟು "ನನ್ ವಯಸ್ಸಾ? ಕನಿಷ್ಠನಾ?" ಅಂತ ಎರಡು ಸಲ ಕೇಳಿದ್ಲು.

ಫಣಿಯಮ್ಮನಲ್ಲಿ ಪುಟ್ಟಿಗೆ ಇಷ್ಟ ಆಗಿದ್ದು ಫಣಿಯಮ್ಮ ಅಲ್ಲ, ದಾಕ್ಷಾಯಿಣಿ. ನೆನಪಿದ್ಯಾ ನಿಮಗೆ, ಗಂಡ ಸತ್ತ ಮೇಲೆ ತಲೆ ಬೋಳಿಸ್ಕೊಳ್ಳಲ್ಲ ಅಂತ ಹಟ ಹಿಡಿದು ನಿಲ್ಲೋ ಹುಡುಗಿ. ಫಣಿಯಮ್ಮನ ತಾಳ್ಮೆಗೆ ನಾವೆಲ್ಲ ಕೈ ಮುಗಿದಿದ್ದೀವಿ, ಮುಗೀಬೇಕಾದ್ದೇ, ಆದ್ರೆ ನನಗೂ ಈಗ ಅನ್ಸೋದು ದಾಕ್ಷಾಯಿಣಿ ಬಗ್ಗೆ ಇನ್ನೊಂದು ನೂರು ಪುಟ ಬೇಕಿತ್ತು ಅಂತ. ಹಟಮಾರಿ ಹುಡುಗಿ ನಮ್ಮ ಕಾದಂಬರೀಲಿ ಯಾವಾಗ್ಲೂ ಪಕ್ಕದ ಪಾತ್ರ, ನಡುಮನೇಲಿ ಕೂರಿಸೋದು ತಾಳ್ಕೊಳ್ಳೋಳನ್ನ.

ಅದೇ ವಾರ, ಸೆಪ್ಟೆಂಬರ್ 24ಕ್ಕೆ, ಭೈರಪ್ಪನವರು ಹೋಗ್ಬಿಟ್ರು. ಮೈಸೂರಿನ ಮನೆಮನೇಲೂ ಆವತ್ತು ಅವರದ್ದೇ ಮಾತು, ಮಾರನೇ ದಿನ ಕಲಾಮಂದಿರದಲ್ಲಿ ದರ್ಶನಕ್ಕೆ ಜನವೋ ಜನ. ರಾತ್ರಿ ನಾನು ಅವರ 'ವಂಶವೃಕ್ಷ' ಮತ್ತೆ ತೆಗೆದೆ. ಗಂಡನ್ನ ಕಪಿಲಾ ನದಿಗೆ ಕಳ್ಕೊಂಡು, ಕೂಸನ್ನ ಮನೇಲಿ ಬಿಟ್ಟು, ನಂಜನಗೂಡಿಂದ ರೈಲಲ್ಲಿ ಮೈಸೂರಿಗೆ ಕಾಲೇಜಿಗೆ ಬರೋ ಕಾತ್ಯಾಯನಿ. ಪುಟ್ಟಿಗೆ ಆ ರೈಲಿನ ಭಾಗ ಓದಿ ಹೇಳ್ದೆ, ಅವಳಿಗೆ ತುಂಬ ಹಿಡಿಸ್ತು, ನಾವೂ ಆ ರೈಲಲ್ಲಿ ನಂಜುಂಡೇಶ್ವರನ ದೇವಸ್ಥಾನಕ್ಕೆ ಹೋಗಿದ್ವಲ್ಲ ಅಂದ್ಲು. ಮುಂದೇನಾಗುತ್ತೆ ಅಂತ ಹೇಳೋಕೆ ನನಗೇ ಕಷ್ಟ ಆಯ್ತು. ಮತ್ತೆ ಮದುವೆ ಆಗ್ತಾಳೆ, ಗರ್ಭ ನಿಲ್ಲಲ್ಲ, ತಪ್ಪು ಮಾಡ್ದೆ ಅನ್ನೋದು ಅವಳನ್ನ ಒಳಗಿಂದಲೇ ತಿಂದುಹಾಕುತ್ತೆ, ಕೊನೆಗೆ ಉಳಿಯೋದೇ ಇಲ್ಲ. ಅಷ್ಟು ದೊಡ್ಡ ಕಾದಂಬರಿ, ಶ್ರೀನಿವಾಸ ಶ್ರೋತ್ರಿಗಳಂಥ ಪಾತ್ರ ಇನ್ನೊಂದಿಲ್ಲ, ನಾನು ಮೂರು ಸಲ ಓದಿದ್ದೀನಿ. ಆದ್ರೆ ಈ ಸಲ ಓದೋವಾಗ ಪಕ್ಕದಲ್ಲಿ ಹದಿನಾಲ್ಕು ವರ್ಷದೋಳು ಕೂತಿದ್ದಾಳೆ, ರೈಲು ಹತ್ತಿದ ಹುಡುಗಿಗೆ ಯಾಕೆ ಹೀಗಾಯ್ತು ಅಂತ ಕೇಳ್ತಿದ್ದಾಳೆ, ನನ್ನ ಹತ್ರ ಉತ್ತರ ಇಲ್ಲ. ಲೇಖಕರು ಅವಳಿಗೆ ಟಿಕೆಟ್ ಕೊಡಿಸಿದ್ರು, ಇಳಿಯೋಕೆ ಒಂದು ಊರು ಕೊಡ್ಲಿಲ್ಲ ಅನ್ಸುತ್ತೆ ನನಗೆ. ಅವರ ಮೇಲಿನ ಗೌರವ ಇಟ್ಕೊಂಡೇ ಹೇಳ್ತಿದ್ದೀನಿ.

ಇಲ್ಲಿ ನನ್ನದೇ ಒಂದು ವಿಷಯ ಹೇಳ್ಬೇಕು, ಇದನ್ನ ಹೇಳ್ದೆ ಉಳಿದಿದ್ದು ಹೇಳೋಕಾಗಲ್ಲ.

ನಾನು ದೊಡ್ಡೋಳಾದಾಗ ಏಳನೇ ಕ್ಲಾಸು ಆಗತಾನೇ ಮುಗಿದಿತ್ತು. ನಮ್ಮೂರಲ್ಲಿ ಆಗೆಲ್ಲ ಗುಡ್ಲು ಹಾಕೋರು. ಸೋದರಮಾವ ಹಸಿ ತೆಂಗಿನಗರಿ ಹೊತ್ತು ತಂದು ಜಗುಲಿ ಪಕ್ಕದಲ್ಲಿ ಗುಡ್ಲು ಕಟ್ಟಿದ್ರು, ಒಳಗೊಂದು ಚಾಪೆ, ಒಂದು ಚೊಂಬು, ಒಂದು ತಟ್ಟೆ. ಕೊಬ್ಬರಿ ಬೆಲ್ಲ ತುಪ್ಪ ಚಿಗಳಿ ತಿಂದೂ ತಿಂದೂ ಬಾಯೆಲ್ಲ ಅಂಟು. ಸಂಜೆ ಅಕ್ಕಪಕ್ಕದ ಹೆಂಗಸರು ಬಂದು ಸೋಬಾನೆ ಹೇಳಿ ಆರತಿ ಎತ್ತೋರು. ಗರಿ ಮೊದಲನೇ ದಿನ ಹಸಿರಾಗಿ ತಂಪಾಗಿತ್ತು, ಮೂರು ದಿನಕ್ಕೆ ಒಣಗ್ತಾ ಬಂತು, ರಾತ್ರಿ ಗಾಳಿಗೆ ಸರಸರ ಅನ್ನೋದು, ಹಾವೇನೋ ಅಂತ ಎದ್ದೆದ್ದು ಕೂರ್ತಿದ್ದೆ. ಬೆಳಗ್ಗೆ ಆದ್ರೆ ನನ್ನ ತಮ್ಮ ಗರಿ ಸಂದೀಲಿ ಒಂದು ಕಣ್ಣಿಟ್ಟು "ಅಕ್ಕ, ಯಾವಾಗ್ ಬತ್ತೀಯ ಆಚೆಗೆ? ಲಗೋರಿಗೆ ಒಬ್ರು ಕಮ್ಮಿ" ಅನ್ನೋನು. ನಾನು ಟೀಮಲ್ಲಿ ಗುರಿಗೆ ಫೇಮಸ್ಸು. ಅವನ ಹತ್ರ ಹೇಳಿ ಅಟ್ಟದ ಮೇಲಿದ್ದ ಹಳೇ ವಾರಪತ್ರಿಕೆ ಕಟ್ಟು ತರಿಸ್ಕೊಂಡು ಗುಡ್ಲೊಳಗೆ ಕೂತು ಧಾರಾವಾಹಿ ಕಾದಂಬರಿ ಓದ್ತಿದ್ದೆ, ಕಂತು ಕಂತು ಮಧ್ಯೆ ಕಳೆದೋಗಿರೋವು, ಸಿಕ್ಕಷ್ಟು ಓದೋದು. ಆ ಕಂತುಗಳಲ್ಲೆಲ್ಲ ಹುಡುಗೀರಿಗೆ ಬಟ್ಟಲುಗಣ್ಣು, ನೀಳ ಜಡೆ, ಹಾಲುಬಿಳುಪು ಬಣ್ಣ. ನಾನು ಬಿಸಿಲಲ್ಲಿ ಲಗೋರಿ ಆಡಿ ಆಡಿ ಕಪ್ಪಗಿದ್ದೋಳು, ತೆಂಗಿನಗರಿ ನೆರಳು ಬಿದ್ದಿರೋ ನನ್ನ ಕೈ ನೋಡ್ಕೊಂಡು, ಇವರ್ಯಾರೂ ನಾನಲ್ಲ ಅನ್ಕೊಂಡಿದ್ದು ಇವತ್ತಿಗೂ ನೆನಪಿದೆ.

ಗುಡ್ಲಿಂದ ಆಚೆಗೆ ಬಂದ ಮೇಲೆ ನಾನು ಲಗೋರಿಗೆ ಹೋಗ್ಲಿಲ್ಲ. ಯಾರೂ ಬೇಡ ಅನ್ಲಿಲ್ಲ, ನಾನಾಗೇ ಹೋಗ್ಲಿಲ್ಲ. ತಮ್ಮ ಎರಡು ದಿನ ಕರೆದ, ಮೂರನೇ ದಿನ ಪಕ್ಕದ ಮನೆ ಹುಡುಗನ್ನ ಸೇರಿಸ್ಕೊಂಡ. ನಾನು ಬಾಗಿಲ ಹತ್ರ ನಿಂತು ನೋಡ್ತಿದ್ದೆ. ಅವತ್ತು ನನ್ನೊಳಗೆ ಏನಾಯ್ತು ಅನ್ನೋದಕ್ಕೆ ನನಗೆ ಆಗ ಮಾತಿರ್ಲಿಲ್ಲ, ಈಗ್ಲೂ ಸರಿಯಾಗಿಲ್ಲ, ಕಾದಂಬರಿ ಇರೋದು ಅದಕ್ಕೇ ಅಲ್ವಾ? 'ಮೈನೆರೆದಳು' ಅಂತ ಒಂದು ಸಾಲು ಬರೆದು ಮುಂದಿನ ಪ್ಯಾರಾದಲ್ಲಿ ಗಂಡು ಹುಡುಕೋಕೆ ಶುರು ಮಾಡ್ತಾರೆ, ಆ ಒಂದು ಸಾಲಿನೊಳಗೇ ಇದೆಲ್ಲ ಇರೋದು. ನಾನು ಓದಿದ ಸ್ಕೂಲಲ್ಲಿ ಹೆಣ್ಮಕ್ಕಳಿಗೆ ಕಾದಂಬರಿ ಕೊಡ್ತಾನೇ ಇರ್ಲಿಲ್ಲ, ಓದಿದ್ರೆ ಕೆಟ್ಟೋಗ್ತೀರ ಅಂತ ಬೀರುಗೆ ಬೀಗ ಹಾಕಿ ಇಡೋರು. ಈಗ ಯೋಚನೆ ಮಾಡಿದ್ರೆ, ಆ ಬೀರುವಲ್ಲಿ ನಮ್ಮ ಬಗ್ಗೆ ಏನಾದ್ರೂ ಇತ್ತಾ ಅಂತಾನೇ ಅನುಮಾನ.

ಗಂಡುಹುಡುಗರಿಗೆ ಇದೆಲ್ಲ ಇದೆ. ಯಾದವಗಿರೀಲಿ ಆರ್.ಕೆ. ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ ಆಗಿದೆ, ಪುಟ್ಟೀನ ಕರ್ಕೊಂಡು ಹೋಗಿದ್ದೆ. ಅವರು ಬರೆದಿದ್ದು ಇಂಗ್ಲಿಷಲ್ಲಾದ್ರೂ 1935ರ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯ ಆ ಸ್ವಾಮಿ ನಮ್ಮ ಬೀದಿ ಹುಡುಗನೇ. ಪರೀಕ್ಷೆ ಭಯ, ಅಜ್ಜಿ ಜೊತೆ ಮಾತು, ರಾಜಂ ಮಣಿ ಜೊತೆ ಕ್ರಿಕೆಟ್ ಟೀಮು, ಸ್ಕೂಲಿಂದ ಓಡಿಹೋಗೋದು. ಯಾರೂ ಅವನಿಗೆ ಹೆಣ್ಣು ನೋಡ್ತಿಲ್ಲ, ಅವನು ಯಾವುದಕ್ಕೂ ಸಂಕೇತ ಅಲ್ಲ, ಸಮಾಜ ಸುಧಾರಣೆಗೆ ಉದಾಹರಣೆಯೂ ಅಲ್ಲ. ಒಬ್ಬ ಹುಡುಗ, ಅಷ್ಟೇ. ಅವನ ಪಕ್ಕದಲ್ಲಿ ಇಟ್ಟು ನೋಡೋಕೆ ಒಬ್ಬ ಹುಡುಗಿ ಬೇಕು ಅಂತ ನಾನು ಹುಡುಕ್ತಿರೋದು.

ಹತ್ರ ಹತ್ರ ಬಂದವರು ಇದ್ದಾರೆ, ಅದನ್ನ ಹೇಳ್ದೆ ಹೋದ್ರೆ ಅನ್ಯಾಯ. ತ್ರಿವೇಣಿಯವರನ್ನೇ ತಗೊಳ್ಳಿ, ಮನಃಶಾಸ್ತ್ರ ಓದಿದ ಮೈಸೂರಿನ ಹೆಣ್ಣುಮಗಳು, 1928ರಲ್ಲಿ ಹುಟ್ಟಿ 1963ರಲ್ಲೇ ಹೋಗ್ಬಿಟ್ರು, ಮೂವತ್ತೈದು ತುಂಬೋ ಮೊದಲೇ ಮುಗಿದ ಆಯಸ್ಸಲ್ಲಿ ಸುಮಾರು ಇಪ್ಪತ್ತು ಕಾದಂಬರಿ. 'ಶರಪಂಜರ'ದ ಕಾವೇರಿ ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು ವಾಸಿಯಾಗಿ ಬಂದ್ರೂ ಮನೆಯವರೇ ಅವಳನ್ನ ನಂಬಲ್ಲ, ಅದನ್ನ ಆ ಕಾಲದಲ್ಲಿ ಅಷ್ಟು ಒಳಗೆ ಇಳಿದು ಬರೆದವರು ಇನ್ಯಾರಿದ್ರು? 'ಬೆಳ್ಳಿಮೋಡ'ದ ಇಂದಿರೆಯನ್ನ ಪುಟ್ಟಿ ಒಪ್ಕೊಂಡ್ಲು. ಆಸ್ತಿ ತಮ್ಮನಿಗೆ ಹೋಗುತ್ತೆ ಅಂತ ಗೊತ್ತಾದ ತಕ್ಷಣ ಕೈಬಿಟ್ಟ ಮೋಹನ, ಆಮೇಲೆ ಅವಳ ಆರೈಕೆಯಿಂದ ಎದ್ದು ಓಡಾಡೋ ಹಾಗಾದ ಮೇಲೆ ಮದುವೆ ಆಗೋಣ ಅಂತಾನೆ, ಅವಳು ಬೇಡ ಅಂತಾಳೆ. ಆ 'ಬೇಡ' ಓದಿ ಪುಟ್ಟಿ ಚಪ್ಪಾಳೆ ತಟ್ಟಿದ್ಲು. "ಆದ್ರೆ ಚಿಕ್ಕಮ್ಮ, ಇವಳೂ ದೊಡ್ಡೋಳೇ" ಅಂತ ಚೀಟೀಲಿ 'ಮದ್ವೆ ಗೊತ್ತಾಗಿದೆ' ಅಂತ ಬರೆದು ಸಿಕ್ಕಿಸಿದ್ಲು.

ಇನ್ನೊಬ್ಬಳು ಚಿನ್ನಮ್ಮ. 'ಮಲೆಗಳಲ್ಲಿ ಮದುಮಗಳು' 1967ರದ್ದು, ದಪ್ಪ ಪುಸ್ತಕ, ಪುಟ್ಟಿ ಅದರ ಗಾತ್ರ ನೋಡೇ ಹೆದರಿದ್ಲು, ಅದಕ್ಕೆ ನಾನೇ ಒಂದು ರಾತ್ರಿ ಟೆರೇಸ್ ಮೇಲೆ ಕೂತು ಆ ಒಂದು ಭಾಗ ಓದಿ ಹೇಳ್ದೆ. ಬೇಡದ ಮದುವೆಯಿಂದ ತಪ್ಪಿಸ್ಕೊಂಡು ಹೂವಳ್ಳಿ ಮನೆ ಬಿಟ್ಟು ಕತ್ತಲೇಲಿ ಕಾಡಿಗೆ ನಡೆಯೋ ಚಿನ್ನಮ್ಮ. ಮಲೆನಾಡಿನ ಮಳೆಗಾಲ, ಕಾಡು, ಹುಲಿಕಲ್ಲು ಗುಡ್ಡ. ಇಲ್ಲಿ ಕುವೆಂಪು ಅವಳನ್ನ ಹೊರಗೆ ನಿಂತು ನೋಡಲ್ಲ, ಅವಳ ಭಯದ ಜೊತೆಗೇ ಹೆಜ್ಜೆ ಹಾಕ್ತಾರೆ, ಆ ಕತ್ತಲು ಅವಳ ಕಣ್ಣಿಗೆ ಹೇಗೆ ಕಾಣುತ್ತೋ ಹಾಗೇ ನಮಗೂ ಕಾಣುತ್ತೆ. ಪುಟ್ಟಿ ನನ್ನ ಮೊಣಕೈ ಹಿಡ್ಕೊಂಡು ಕೂತಿದ್ಲು, ನಾನು ನಿಲ್ಲಿಸಿದ್ರೆ "ಓದು ಓದು" ಅಂತ ಚಿವುಟ್ತಿದ್ಲು. ಮಾರನೇ ದಿನ ಸಂಜೆ ಜಯಲಕ್ಷ್ಮೀಪುರಂ ಕಡೆ ವಾಕಿಂಗ್ ಹೋದಾಗ ಕುವೆಂಪು ಅವರ ಮನೆ 'ಉದಯರವಿ' ಮುಂದೆ ನಿಂತು, ಈ ಮನೇಲಿ ಕೂತು ಆ ಕತ್ತಲು ಬರೆದ್ರಾ ಅಂತ ಆಶ್ಚರ್ಯಪಟ್ಲು.

ದೇವನೂರ ಮಹಾದೇವ ಅವರ 'ಒಡಲಾಳ'ದ ಪುಟ್ಟಗೌರಿ ಬಗ್ಗೆನೂ ಹೇಳ್ಬೇಕು. ಸಾಕವ್ವನ ಹುಂಜ ಕಳೆದಿದೆ, ಹೊಟ್ಟೆಗೆ ಹಿಟ್ಟಿಲ್ಲ, ಕದ್ದು ತಂದ ಕಡ್ಲೆಕಾಯನ್ನ ಮನೆಮಂದಿಯೆಲ್ಲ ರಾತ್ರಿ ಕೂತು ಸುಲಿದು ತಿನ್ನೋ ಮನೆ ಅದು, ಆ ಮನೇಲಿ ಒಬ್ಬ ಹುಡುಗಿ ನವಿಲು ಬಿಡಿಸ್ತಾಳೆ. ಯಾತಕ್ಕೆ ಬಿಡಿಸ್ತಾಳೆ? ಆಸೆ, ಅದಕ್ಕೆ. ಇಡೀ ಚೀಟಿ ಹುಡುಕಾಟದಲ್ಲಿ ನನಗೆ ನನ್ನ ಹುಡುಗಿ ಸಿಕ್ಕಿದ್ಲು ಅಂತ ಅನ್ಸಿದ್ದು ಆ ನವಿಲಿನ ಹತ್ರ. ಅವಳಿಗೆ ಸಿಗೋದು ಸ್ವಲ್ಪವೇ ಜಾಗ, ಆದ್ರೆ ಆ ಜಾಗದಲ್ಲಿ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ದುಃಖವೂ ಅಲ್ಲ, ಅವಳ ಕೈ ಅವಳ ನವಿಲು. 'ಕುಸುಮಬಾಲೆ'ಯಲ್ಲಿ ದೀಪದ ಜೋತಮ್ಮಂದಿರು ಕೂಡ ಕೂತು ಮಾತಾಡ್ತಾರೆ, ನಮ್ಮ ನಂಜನಗೂಡು ಸೀಮೆ ಮಾತು ಹಾಡಿನ ಥರ ಕೇಳುತ್ತೆ, ಅಲ್ಲೂ ನನಗೆ ಕುಸುಮಳ ಎದೆಯೊಳಗೆ ಇನ್ನೊಂದಿಷ್ಟು ಹೊತ್ತು ಕೂರ್ಬೇಕು ಅನ್ಸುತ್ತೆ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ಬಗ್ಗೆ ಪುಟ್ಟಿಗೆ ಹೇಳ್ಲಿಲ್ಲ, ಅವಳ ಎರಡನೇ ಕಂಡೀಷನ್ ನೆನಪಾಗಿ ಪುಸ್ತಕ ಹಿಂದಕ್ಕೆ ತಳ್ಳಿದೆ. ಇನ್ನೊಂದೆರಡು ವರ್ಷ ಹೋಗ್ಲಿ, ಕೊಟ್ಟೇ ಕೊಡ್ತೀನಿ, ಅದನ್ನ ಓದದೇ ಇರಬಾರ್ದು.

ಈಗ ಇವತ್ತಿನ ಕಾದಂಬರಿಗಳು. ಇಲ್ಲಿ ನನಗೆ ಒಂದು ವಿಚಿತ್ರ ಕಾಣಿಸ್ತು. ವಿವೇಕ ಶಾನಭಾಗರ 'ಸಕೀನಾಳ ಮುತ್ತು' ತಗೊಳ್ಳಿ, ಕಾಲೇಜಿಗೆ ಹೋಗೋ ಮಗಳು ರೇಖಾ, ಅವಳನ್ನ ಕೇಳ್ಕೊಂಡು ಯಾರೋ ಹುಡುಗರು ಮನೆ ಬಾಗಿಲಿಗೆ ಬರ್ತಾರೆ, ಅವಳು ಊರಿಗೆ ಹೋಗಿದ್ದಾಳೆ, ಅಲ್ಲಿ ಕೇಳಿದ್ರೆ ಹೊರಟಾಯ್ತು ಅಂತಾರೆ. ಇಡೀ ಕಾದಂಬರಿ ಸುತ್ತೋದು ಅವಳ ಸುತ್ತ, ಹೇಳೋನು ಮಾತ್ರ ಅಪ್ಪ. ಮಗಳು ಏನು ಯೋಚಿಸ್ತಾಳೆ ಅಂತ ಆ ಅಪ್ಪನಿಗೆ ಗೊತ್ತಿಲ್ಲ, ಹಾಗಾಗಿ ನಮಗೂ ಗೊತ್ತಾಗಲ್ಲ. ಇದು ಲೇಖಕರ ಸೋಲಲ್ಲ, ಗೊತ್ತಿಲ್ಲದ ಅಪ್ಪನನ್ನ ಗೊತ್ತಿಲ್ಲದ ಹಾಗೇ ತೋರಿಸೋ ಪ್ರಾಮಾಣಿಕತೆ, ನನಗೆ ತುಂಬ ಇಷ್ಟದ ಕಾದಂಬರಿ ಅದು. ಅವರದ್ದೇ 'ಘಾಚರ್ ಘೋಚರ್' ಇನ್ನೂ ಹಿಂದಿನದು. ಆ ಹೆಸರು ಎಲ್ಲಿಂದ ಬಂತು ಹೇಳಿ? ಅನಿತಾ ಚಿಕ್ಕೋಳಾಗಿದ್ದಾಗ ಗಾಳಿಪಟದ ದಾರ ಗೋಜಲಾದಾಗ ಅವಳ ಮನೇಲಿ ಮಕ್ಕಳಿಬ್ಬರೂ ಸೇರಿ ಹುಟ್ಟಿಸಿದ ಮಾತು ಅದು, ಬೇರೆ ಯಾರಿಗೂ ಅರ್ಥ ಆಗದ ಮಾತು. ಮದುವೆ ಆದ ಹೊಸದರಲ್ಲಿ ಲಂಗದ ಲಾಡಿ ಸಿಕ್ಕುಬಿದ್ದಾಗ ಅದು ಅವಳ ಬಾಯಿಂದ ಜಾರುತ್ತೆ. ಒಂದು ಹುಡುಗಿಯ ಆಟದ ಮಾತು ಕನ್ನಡದಿಂದ ಹೊರಟು ಎಷ್ಟೋ ದೇಶ ತಿರುಗಿ ಬಂತು, ಆದ್ರೆ ಆ ದಾರ ಹಿಡ್ಕೊಂಡು ಮಹಡಿ ಮೇಲೆ ಕೂತಿದ್ದ ಹುಡುಗೀನ ನಾವು ನೋಡೋದು ಒಂದೇ ಒಂದು ಕ್ಷಣ. ಆ ಹುಡುಗಿ ಕಡೆಯಿಂದ ಯಾರಾದ್ರೂ ಬರೀರಪ್ಪ ಅಂತ ಕೂಗಿ ಹೇಳ್ಬೇಕು ಅನ್ಸುತ್ತೆ.

ವಸುಧೇಂದ್ರ ಅವರ 'ತೇಜೋ ತುಂಗಭದ್ರಾ'ದಲ್ಲಿ ಲಿಸ್ಬನ್ನಿನ ಬೆಲ್ಲಾ, ಇಲ್ಲಿ ಹಂಪಮ್ಮ, ಇಬ್ಬರೂ ಪ್ರೀತಿಯಿಂದ ಬರೆದ ಹೆಣ್ಮಕ್ಕಳು, ಆದ್ರೆ ಅವರ ಮೇಲೆ ಇತಿಹಾಸವೇ ಬಂದು ಬೀಳುತ್ತೆ, ಧರ್ಮ, ರಾಜ್ಯ, ಸಹಗಮನ, ಸಮುದ್ರ. ಹುಡುಗಿಗೆ ಹುಡುಗಿಯಾಗಿರೋಕೆ ಟೈಮೆಲ್ಲಿ.

ಇದೆಲ್ಲ ನಮ್ಮಂಥೋರು ಕೊಂಡು ಓದೋ ಪುಸ್ತಕದ ಕತೆ. ಪುಟ್ಟಿ ಕ್ಲಾಸಿನ ಹುಡುಗೀರು ನಿಜವಾಗ್ಲೂ ಓದ್ತಿರೋದು ಫೋನಲ್ಲಿ. ಕತೆ ಓದೋ ಆಪ್ ಒಂದು ಅವರಮ್ಮನ ಫೋನಲ್ಲಿದೆ, ಪುಟ್ಟಿ ತೋರಿಸಿದ್ಲು, ದಿನಾ ಒಂದೊಂದು ಕಂತು. ಹುಡುಗಿಗೆ ಹದಿನೆಂಟೋ ಹತ್ತೊಂಬತ್ತೋ, ಬಡವರ ಮನೆ, ಮುಗ್ಧೆ ಅನ್ನೋ ಪದ ಸಾಲಿಗೊಂದು ಸಲ. ಕೋಪಿಷ್ಠ ಶ್ರೀಮಂತ ಯಾವುದೋ ಸೇಡಿಗೆ ಬಲವಂತವಾಗಿ ತಾಳಿ ಕಟ್ತಾನೆ, ಬೈತಾನೆ, ರೂಮಲ್ಲಿ ಕೂಡಿ ಹಾಕ್ತಾನೆ, ಐವತ್ತನೇ ಕಂತಿಗೆ ಅವನ ಕಣ್ಣಲ್ಲಿ ನೀರು, ಇವಳಿಗೆ ಪ್ರೀತಿ. ಅಂಥದ್ದನ್ನ ಬರೀತಿರೋರಲ್ಲಿ ಎಷ್ಟೋ ಜನ ಹೆಣ್ಮಕ್ಕಳೇ, ಮನೆಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಫೋನಲ್ಲಿ ಟೈಪ್ ಮಾಡೋರು, ಅವರ ಶ್ರಮದ ಮೇಲೆ ನನಗೆ ಗೌರವ ಇದೆ, ಓದೋ ಹುಡುಗೀರ ಹಸಿವಿನ ಮೇಲೂ ಇದೆ. ನಾವು ಅವರ ವಯಸ್ಸಿನ ಹುಡುಗೀನ ಬರೆದು ಕೊಡ್ಲಿಲ್ಲ, ಸಿಕ್ಕಿದ್ದನ್ನ ಅವರು ಓದ್ತಿದ್ದಾರೆ. ಆದ್ರೆ ಹೊಡೆದೋನೇ ಒಂದಿನ ಪ್ರೀತಿಸ್ತಾನೆ ಅನ್ನೋದನ್ನ ಹದಿನಾಲ್ಕು ವರ್ಷದೋಳು ದಿನಾ ಒಂದು ಕಂತಿನಂತೆ ಓದ್ತಿದ್ರೆ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತೆ. ಪುಟ್ಟಿಗೆ ಓದ್ಬೇಡ ಅನ್ಲಿಲ್ಲ. "ಇವಳು ರೂಮಲ್ಲಿ ಒಬ್ಳೇ ಇದ್ದಾಗ ಏನ್ ಯೋಚಿಸ್ತಿರ್ತಾಳೆ, ಅದನ್ನ ಬರೆದಿದ್ದಾರಾ ನೋಡು" ಅಂದೆ. ಸ್ಕ್ರೋಲ್ ಮಾಡಿ ಮಾಡಿ ನೋಡಿ "ಅವನ ಬಗ್ಗೆನೇ ಯೋಚಿಸ್ತಿದ್ದಾಳೆ" ಅಂದ್ಲು.

ನನಗೆ ಇದು ಬರೀ ಸಾಹಿತ್ಯದ ವಿಷಯ ಅಲ್ಲ. 2023ರ ಕೊನೇಲಿ ನಮ್ಮ ಮಂಡ್ಯ ಸೀಮೆ ಹೆಸರು ಎಲ್ಲಾ ಪೇಪರಲ್ಲೂ ಬಂದಿತ್ತು, ನೆನಪಿರಬಹುದು. ಒಂದು ಆಲೆಮನೇಲಿ ಸ್ಕ್ಯಾನಿಂಗ್ ಮಷಿನ್ ಇಟ್ಕೊಂಡು ಹೊಟ್ಟೇಲಿರೋದು ಹೆಣ್ಣಾ ಗಂಡಾ ನೋಡ್ತಿದ್ರು, ಹೆಣ್ಣಾದ್ರೆ ತೆಗೆಸೋಕೆ ಕಳಿಸ್ತಿದ್ರು. ಲಿಂಗ ಪತ್ತೆ ಮಾಡಬಾರ್ದು ಅಂತ 1994ರಲ್ಲೇ ಕಾನೂನಾಗಿದೆ. ಆಲೆಮನೆ ಅಂದ್ರೆ ನಮಗೆ ಏನು ಗೊತ್ತಾ, ಚಳಿಗಾಲದ ಬೆಳಗ್ಗೆ ಕೊಪ್ಪರಿಗೆ ಮುಂದೆ ಕೈ ಕಾಯಿಸ್ಕೊಂಡು ನಿಂತು, ಕಬ್ಬಿನ ಜಲ್ಲೆಗೆ ಸುತ್ತಿ ಕೊಡೋ ಬಿಸಿ ಬೆಲ್ಲ ನಾಲಗೆ ಸುಟ್ಕೊಂಡು ತಿಂದಿರೋ ಜಾಗ. ಅಲ್ಲೇ. ಆ ಸುದ್ದಿ ಓದಿದ ದಿನ ನಾನು ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ. ಕಾದಂಬರಿ ಬಂದು ಇಂಥದ್ದನ್ನ ನಿಲ್ಲಿಸುತ್ತೆ ಅಂತ ಅನ್ಕೊಳ್ಳೋಷ್ಟು ಚಿಕ್ಕೋಳಲ್ಲ ನಾನು. ಆದ್ರೆ ಮನೆಯಲ್ಲಿ ಹೆಣ್ಣುಮಗು ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರೋದು ಮದುವೆ ಖರ್ಚು, ಯಾರದೋ ಮನೆ ಸೊಸೆ, ಹೆಚ್ಚಂದ್ರೆ ತ್ಯಾಗಮಯಿ ತಾಯಿ. ಇದೆಲ್ಲದರ ನಡುವೆ ಲಗೋರಿ ಆಡೋಳು, ಚೀಟಿ ಕತ್ತರಿಸೋಳು, ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನೋಳು ಒಬ್ಬಳು ಇರ್ತಾಳೆ ಅನ್ನೋದನ್ನ ನಮ್ಮ ಜನ ಎಲ್ಲಿ ನೋಡಿದ್ದಾರೆ? ಮನೇಲಿ ಕಣ್ಣೆದುರಿಗೇ ಇದ್ರೂ ನೋಡಿಲ್ಲ, ಪುಸ್ತಕದಲ್ಲೂ ಕಾಣಿಸ್ಲಿಲ್ಲ.

ರಜ ಮುಗಿದು ಪುಟ್ಟೀನ ಸಬರ್ಬನ್ ಬಸ್ ಸ್ಟ್ಯಾಂಡಲ್ಲಿ ಮಂಡ್ಯ ಬಸ್ ಹತ್ತಿಸಿದೆ. ಬ್ಯಾಗಲ್ಲಿ 'ಒಡಲಾಳ', 'ಬೆಳ್ಳಿಮೋಡ' ಎರಡಿದ್ವು. ಚೀಟಿಗಳನ್ನ ಹಾಗೇ ಬಿಟ್ಟು ಹೋಗಿದ್ದಾಳೆ, ನಾನೂ ತೆಗ್ದಿಲ್ಲ.

ನಾಲ್ಕು ದಿನ ಬಿಟ್ಟು ರಾತ್ರಿ ಫೋನ್ ಮಾಡಿದ್ಲು. ನಮ್ಮವ್ವನ ಪಕ್ಕ ಕೂತ್ಕೊಂಡು, "ಅಜ್ಜಿ, ನೀನು ನನ್ನಷ್ಟಿದ್ದಾಗ ಏನ್ ಮಾಡ್ತಿದ್ದೆ" ಅಂತ ಕೇಳಿದ್ಲಂತೆ. ಅವ್ವ ಮೊದಲು "ಏನ್ ಮಾಡದು, ಮುದ್ದೆ ತಿರುವುತಿದ್ದೆ" ಅಂದ್ಲಂತೆ. ಇವಳು ಬಿಟ್ಟಿಲ್ಲ. ಆಮೇಲೆ ಅವ್ವ ಬೆಳ್ಳುಳ್ಳಿ ಬಿಡಿಸ್ತಾ ಬಿಡಿಸ್ತಾ ಶುರು ಮಾಡಿದ್ದಾಳೆ, ನಾಲೇಲಿ ಈಜ್ತಿದ್ದಳಂತೆ, ವಿಶ್ವೇಶ್ವರಯ್ಯ ನಾಲೇಲಿ, ಅಣ್ಣಂದಿರ ಜೊತೆ, ಸೋಪಾನದ ಮೇಲಿಂದ ಲಂಗ ಕಚ್ಚೆ ಕಟ್ಟಿ ಹಾರ್ತಿದ್ದಳಂತೆ, ಊರಿನ ಗಂಡುಹುಡುಗ್ರು ಯಾರೂ ಅಷ್ಟು ಹೊತ್ತು ಮುಳುಗಿರ್ತಿರ್ಲಿಲ್ವಂತೆ. ನಲವತ್ತು ವರ್ಷದ ಮೇಲಾಯ್ತು ನಾನು ಇವಳ ಮಗಳಾಗಿ, ನಮ್ಮವ್ವನಿಗೆ ಈಜು ಬರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ.

"ಆಮೇಲೆ?" ಅಂದೆ ನಾನು.

"ತಡಿ ಚಿಕ್ಕಮ್ಮ, ಅಜ್ಜಿ ಹೇಳ್ತಾವ್ಳೆ, ಸ್ಪೀಕರ್‌ಗೆ ಹಾಕ್ತೀನಿ" ಅಂದ್ಲು ಪುಟ್ಟಿ. ಆ ಕಡೆಯಿಂದ ಅವ್ವನ ದನಿ ಕೇಳಿಸ್ತು, "ಆ ವರ್ಸ ನಾಲೆಗೆ ನೀರು ಬುಟ್ಟಿದ್ದು ಬೋ ಜಾಸ್ತಿ ಕಣವ್ವ, ಸೋಪಾನದ ಮೂರ್ ಮೆಟ್ಲು ಮುಳುಗೋಗಿದ್ವು..."